ರೆಕ್ಕೆಯ ಆಚೆ ಬದಿ

ವಿಮಾನ ಗಂಗೊಳ್ಳಿಗೆ ಬಂದದ್ದು ಲಾರಿಯಲ್ಲಿ, ಅದೂ ಹಿಂದುಮುಂದಾಗಿ. ಬಂದರಿನ ಓಣಿಯಲ್ಲಿ ಲಾರಿ ತಿರುಗಿಸಲು ಜಾಗವಿಲ್ಲದೆ ಡ್ರೈವರು ದೊಡ್ಡ ರಸ್ತೆಯಿಂದಲೇ ರಿವರ್ಸ್ ಹಾಕಿಕೊಂಡು ಬಂದ. ಮೀನಿನ ಬುಟ್ಟಿ ಹೊತ್ತವರು, ಬಲೆ ಹೊತ್ತವರು, ಏನೂ ಹೊರದೆ ಸುಮ್ಮನೆ ನಿಂತವರು, ಎಲ್ಲರೂ ಪಕ್ಕಕ್ಕೆ ಸರಿದು ನೋಡಿದರು. ಟಾರ್ಪಾಲಿನ ಕೆಳಗೆ ಇದ್ದದ್ದು ಬಟ್ಟೆ ಹರಿದು ಮರದ ಎಲುಬು ಕಾಣುತ್ತಿದ್ದ ನಾಲ್ಕು ರೆಕ್ಕೆಗಳು, ತುಕ್ಕು ಹಿಡಿದ ಒಂದು ಎಂಜಿನ್ನು ಮತ್ತು ಬಾಲ ಸಮೇತ ಉದ್ದನೆಯ ಒಂದು ಹೊಟ್ಟೆ.

"ಹ್ವಾಯ್ ಪಾಂಡಣ್ಣ, ಇದ್ ಎಂತ ದೋಣಿಯಾ?" ಎಂದು ಬಲೆ ಹೊತ್ತಿದ್ದ ಕುಷ್ಟ ಕೇಳಿದ.

"ವಿಮಾನ."

"ನಾಲ್ಕ್ ರೆಕ್ಕೆ ಇತ್ತಲೆ?"

"ಹಳೇ ಕಾಲದ್ದ್. ಮೇಲೆರ್ಡ್, ಕೆಳ್ಗೆರ್ಡ್."

"ಹಾರತ್ತಾ?"

"ಹಾರ್ಸುಕೇ ತಂದದ್," ಎಂದ ಪಾಂಡು.

ಗೇಟಿನ ಹತ್ತಿರ ನಿಂತಿದ್ದ ಅವನ ಹೆಂಡತಿ ಚಂದ್ರಾವತಿ ವಿಮಾನಕ್ಕಿಂತ ಹೆಚ್ಚು ಗಂಡನ ಮುಖವನ್ನೇ ನೋಡಿದಳು. ಊರಿಗೆ ಬಂದ ಎರಡು ವರ್ಷಗಳಲ್ಲಿ ಆ ಮುಖ ಅಷ್ಟು ಅರಳಿದ್ದನ್ನು ಅವಳು ಕಂಡಿರಲಿಲ್ಲ. ಸಂತೋಷವೂ ಆಯಿತು, ಸಣ್ಣಗೆ ಹೊಟ್ಟೆಕಿಚ್ಚೂ ಆಯಿತು.

ಅವರ ಮದುವೆಯಾಗಿ ಮೂವತ್ತೆಂಟು ವರ್ಷ. ಅದರಲ್ಲಿ ಮೂವತ್ತಾರು ವರ್ಷ ಪಾಂಡು ಮುಂಬಯಿಯಲ್ಲಿ, ಒಂದು ಫ್ಲೈಯಿಂಗ್ ಕ್ಲಬ್ಬಿನ ವರ್ಕ್‌ಶಾಪಿನಲ್ಲಿ ದುಡಿದವನು. ಚಂದ್ರಾವತಿಗೆ ಗಂಡನೆಂದರೆ ಮಳೆಗಾಲದ ಒಂದು ತಿಂಗಳ ರಜೆ, ಒಂದು ಟ್ರಂಕು, ಟ್ರಂಕಿನೊಳಗೆ ಸೋಪು, ಪೌಡರು, ಮಗನಿಗೊಂದು ಅಂಗಿ. ನಾನೂ ಬರುತ್ತೇನೆ ಎಂದು ಮೊದಮೊದಲು ಅವಳು ಕೇಳಿದ್ದುಂಟು. "ಎಂಟ್ ಜನ ಒಂದೇ ಖೋಲಿಯಗೆ ಇಪ್ಪುದ್. ನೀನ್ ಬಂದ್ ಎಲ್ಲಿ ಮನಿಕಂತೆ? ಮುಂದಿನ್ ವರ್ಷ ಕಾಂಬ," ಎಂದು ಅವನು ಹೇಳಿದ್ದ. ಮುಂದಿನ ವರ್ಷಗಳೇನೋ ಒಂದರ ಹಿಂದೊಂದು ಬಂದವು. ಅಷ್ಟರಲ್ಲಿ ಅತ್ತೆ ಹಾಸಿಗೆ ಹಿಡಿದರು, ಮಗ ಸುಶಾಂತ್ ಶಾಲೆಗೆ ಹೋದ, ಅವಳು ಕೇಳುವುದನ್ನು ಬಿಟ್ಟಳು. ಬೇಸರ ಇರಲಿಲ್ಲವೆಂದಲ್ಲ. ಇತ್ತು, ಬೇಕಾದಷ್ಟಿತ್ತು. ಆದರೆ ಓಣಿಯ ಅರ್ಧ ಮನೆಗಳ ಗಂಡಸರು ಕಡಲಿನಲ್ಲೋ ಮುಂಬಯಿಯಲ್ಲೋ ಇರುವಾಗ ತನ್ನದೊಂದು ಬೇಸರವನ್ನು ಯಾರ ಮುಂದೆ ಹೇಳುವುದು?

ಎರಡು ವರ್ಷದ ಹಿಂದೆ ಪಾಂಡು ಟ್ರಂಕನ್ನು ಜಗಲಿಯ ಮೇಲಿಟ್ಟು, "ಇನ್ನ್ ಎಲ್ಲಿಗೂ ಹೋಪುದಿಲ್ಲ ಕಾಣ್," ಎಂದಿದ್ದ. ಅವಳು ಅದನ್ನು ನಂಬಿದ್ದಳು. ನಂಬಲು ಕಾರಣವೂ ಸಿಕ್ಕಿತ್ತು. ಬ್ರಹ್ಮಾವರದ ಯತೀಶ್ ಶೆಟ್ಟರು, ಮುಂಬಯಿಯಲ್ಲಿ ನಾಲ್ಕೈದು ಹೋಟೆಲು ಇರುವವರು, ಮುಚ್ಚಿದ ಆ ಕ್ಲಬ್ಬಿನ ಮೂಲೆಯಲ್ಲಿ ಬಿದ್ದಿದ್ದ ಈ ವಿಮಾನವನ್ನು ಹುಚ್ಚಿಗೆ ಕೊಂಡುಕೊಂಡಿದ್ದರು. ಘಟ್ಟದ ಮೇಲೆ ಅವರಿಗೆ ಗೊತ್ತಿದ್ದವರದೊಂದು ಖಾಸಗಿ ವಿಮಾನ ಮೈದಾನವಿತ್ತು. ಅಲ್ಲಿಗೆ ಬಂದು ರಿಪೇರಿ ಮಾಡಿಕೊಡಿ ಎಂದು ಪಾಂಡುವಿಗೆ ಹೇಳಿಕಳಿಸಿದರು. ಮರಕ್ಕೆ ಬಟ್ಟೆ ಹೊದಿಸಿ ವಿಮಾನ ಕಟ್ಟುವ ಕೆಲಸ ಬಲ್ಲವರು ಈಗ ಹುಡುಕಿದರೂ ಸಿಗುವುದಿಲ್ಲ. ಪಾಂಡು, "ನಾನ್ ಮನಿ ಬಿಟ್ಟ್ ಬತ್ತಿಲ್ಲೆ. ಬೇಕಾರೆ ವಿಮಾನವೇ ಇಲ್ಲಿಗ್ ಬರ್ಲಿ," ಎಂದ. ಅದೂ ಬಂತು. ಹಾಗಾಗಿ ಲಾರಿಯ ಜನರಿಗೆಲ್ಲ ಚಂದ್ರಾವತಿ ತಾನೇ ಮುಂದೆ ನಿಂತು ನೀರ್‌ದೋಸೆ ಹೊಯ್ದುಕೊಟ್ಟಳು.

ಮನೆಯ ಹಿಂದೆ, ಹೊಳೆಯ ಬದಿಗೆ ಮುಚ್ಚಿಹೋದ ಒಂದು ಐಸ್ ಪ್ಲಾಂಟಿತ್ತು. ಶೆಟ್ಟರು ಅದನ್ನು ಬಾಡಿಗೆಗೆ ಹಿಡಿದರು. ಪಾಂಡು ಬೆಳಿಗ್ಗೆ ಗಂಜಿ ಕುಡಿದು ಹೋದರೆ ಮಧ್ಯಾಹ್ನ ಊಟಕ್ಕೆ ಬರುತ್ತಿದ್ದ, ಉಂಡು ಕೈ ಒಣಗುವ ಮೊದಲೇ ಮತ್ತೆ ಹೋಗುತ್ತಿದ್ದ. ಅವನ ಅಂಗಿಯಲ್ಲಿ ಮರದ ಹುಡಿ, ತಲೆಯಲ್ಲಿ ಅಂಟಿನ ವಾಸನೆ. ಮುಂಬಯಿಯಲ್ಲಿದ್ದಾಗ ಗಂಡ ಸಾವಿರ ಕಿಲೋಮೀಟರು ದೂರ ಇದ್ದ. ಈಗ ಐವತ್ತು ಹೆಜ್ಜೆ ದೂರ ಇದ್ದ. ಮಾತಿಗೆ ಸಿಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇರಲಿಲ್ಲ.

ಸುಶಾಂತ್ ಬಂದರಿನಲ್ಲಿ ಬೋಟುಗಳ ಎಂಜಿನ್ ರಿಪೇರಿ ಮಾಡುವವನು. ಅವನಿಗೆ ಅಪ್ಪನ ಈ ಕೆಲಸ ಸುತರಾಂ ಹಿಡಿಸಲಿಲ್ಲ.

"ಶೆಟ್ರಿಗ್ ದುಡ್ಡ್ ಹೆಚ್ಚಾಯ್ತ್. ನಿಮ್ಗ್ ಎಂತ ಹೆಚ್ಚಾಯ್ತ್ ಅಪ್ಪಯ್ಯ?" ಎಂದ ಒಂದು ಮಧ್ಯಾಹ್ನ ಬಂಗುಡೆಯ ಮುಳ್ಳು ಬಿಡಿಸುತ್ತ. "ನನ್ ಶೆಡ್ಡಗೆ ಮೂರ್ ಎಂಜಿನ್ ಬಿಚ್ಚಿ ಬಿದ್ದಿತ್ತ್. ಕೈ ಹಾಕುವವ್ರಿಲ್ಲ."

"ನಿನ್ ಎಂಜಿನ್ ನಿಂತ್ರೆ ದೋಣಿ ನಿಲ್ಲತ್ತ್. ಇದ್ ನಿಂತ್ರೆ ಬೀಳತ್ತ್. ಹೋಲಿಕೆ ಮಾಡ್ಬೇಡ."

"ಹಾಂಗಾರೆ ಹಾರ್ಸುದೇ ಎಂತಕೆ?"

"ಸಾರ್ ಹಾಕ್," ಎಂದು ಪಾಂಡು ತಟ್ಟೆಯನ್ನು ಹೆಂಡತಿಯ ಕಡೆ ಸರಿಸಿದ. ಮಗನಿಗೆ ಉತ್ತರ ಕೊಡುವ ಕಷ್ಟ ಬಂದಾಗಲೆಲ್ಲ ಅವನಿಗೆ ಸಾರು ಬೇಕಾಗುತ್ತಿತ್ತು.

ಸೊಸೆ ಕ್ಷಮಾ ಕುಂದಾಪುರದ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳು ನಗು ತಡೆದುಕೊಂಡು ತಟ್ಟೆ ಎತ್ತಿಕೊಂಡು ಎದ್ದಳು.

ಜನವರಿಯಲ್ಲಿ ರೆಕ್ಕೆಗಳ ಮರದ ಕೆಲಸ ಮುಗಿಯಿತು. ಹೊಸ ಬಟ್ಟೆ ಹೊದಿಸಿ ಮೊದಲ ಸಲ ಬಣ್ಣದಂಥ ಒಂದು ದ್ರವ ಬಳಿದದ್ದೂ ಆಯಿತು. ಪಾಂಡು ಅದಕ್ಕೆ ಡೋಪು ಎನ್ನುತ್ತಿದ್ದ. ಕಳಿತ ಬಾಳೆಹಣ್ಣಿನ ವಾಸನೆ, ಆದರೆ ತಲೆ ಸುತ್ತುವಷ್ಟು. ಒಣಗಿದಾಗ ಬಟ್ಟೆ ಬಿಗಿದುಕೊಂಡು ಚೆಂಡೆಯ ಹಾಗೆ ಸದ್ದು ಕೊಡುತ್ತಿತ್ತು. ಗಾಳಿಯಲ್ಲಿ ತೇವ ಇದ್ದರೆ ಅದು ಬಿಳಿಚಿಕೊಂಡು ಕೆಡುತ್ತದೆ, ಆದ್ದರಿಂದ ಏನಿದ್ದರೂ ಚಳಿಗಾಲದೊಳಗೆ ಮುಗಿಸಬೇಕು. ಇನ್ನು ಬಟ್ಟೆಯನ್ನು ಒಳಗಿನ ಮರದ ಎಲುಬುಗಳಿಗೆ ಸೇರಿಸಿ ಹೊಲಿಯುವುದಿತ್ತು. ರೆಕ್ಕೆಯನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಬೇಕು, ಎರಡು ಬದಿಗೂ ಒಬ್ಬೊಬ್ಬರು ಕೂರಬೇಕು, ಒಂದು ಮೊಳದ ಸೂಜಿಯನ್ನು ಈ ಕಡೆಯವರು ಚುಚ್ಚಿದರೆ ಆ ಕಡೆಯವರು ಎಳೆದು ತಿರುಗಿ ಕಳಿಸಬೇಕು. ಎರಡೆರಡು ಇಂಚಿಗೆ ಒಂದು ಗಂಟು.

ಸುಶಾಂತ್ ಒಂದು ಗಂಟೆ ಕೂತು ನೋಡಿದ. ಬೋಲ್ಟು ತಿರುಗಿಸುವ ಬೆರಳಿಗೆ ದಾರ ಬಗ್ಗಲಿಲ್ಲ.

"ಇದ್ ಬಲೆ ಗಂಟೇ ಅಲ್ದಾ ಅಪ್ಪಯ್ಯ?" ಎಂದ ಎದ್ದು ಬೆನ್ನು ನೀವಿಕೊಳ್ಳುತ್ತ. "ಅಮ್ಮನ್ನ ಕರ್ಕಣಿ. ನನ್ನ ಬಿಟ್ ಬಿಡಿ."

ಅದು ನಿಜವಾಗಿಯೂ ಬಲೆಯ ಗಂಟೇ. ಚಂದ್ರಾವತಿಯ ತವರಿನವರು ಬಲೆ ಕಟ್ಟುವವರು, ಅವಳು ಲಂಗ ಉಡುವ ಪ್ರಾಯದಲ್ಲೇ ಆ ಗಂಟು ಕಲಿತವಳು. ಪಾಂಡು ಒಂದು ಸಲ ತೋರಿಸಿದ, ಎರಡನೆಯ ಸಲ ಅವಳೇ ಅವನಿಗಿಂತ ಬೇಗ ಹಾಕಿದಳು.

"ಹೆಣೆ, ಇಷ್ಟ್ ವರ್ಷ ನಿನ್ನ ಮುಂಬೈಗ್ ಕರ್ಕೊಂಡ್ ಹೋಯ್ಲಿಲ್ಯಲೆ ನಾನ್," ಎಂದ ಅವನು. ತಮಾಷೆಗೆ ಹೇಳಿದ್ದು. ಅವಳಿಗೆ ತಮಾಷೆ ಎನಿಸಲಿಲ್ಲ, ಆದರೂ ನಕ್ಕಳು.

ಮರುದಿನದಿಂದ ಬೆಳಗಿನ ಅಡಿಗೆ ಬೇಗ ಮುಗಿಸಿ ಅವಳು ಐಸ್ ಪ್ಲಾಂಟಿಗೆ ಹೋದಳು. ಈ ಬದಿಗೆ ಅವಳು, ಆ ಬದಿಗೆ ಅವನು, ನಡುವೆ ಬಿಗಿದ ಬಟ್ಟೆ. ಗಂಟು ಬೀಳುತ್ತಿದ್ದದ್ದು ಅವಳ ಬದಿಗೆ. ಮುಖ ಕಾಣುತ್ತಿರಲಿಲ್ಲ, ಸೂಜಿಯ ತುದಿ ಮಾತ್ರ ಕಾಣುತ್ತಿತ್ತು. ಅದಕ್ಕೇ ಇರಬೇಕು, ಮಾತು ಬಂತು.

"ಅತ್ತೆ ತೀರ್ಕಂಡಾಗ ನೀವ್ ಬರ್ಲಿಲ್ಲ," ಎಂದಳು ಮೂರನೆಯ ದಿನ.

ಸೂಜಿ ಸ್ವಲ್ಪ ಹೊತ್ತು ಬರಲಿಲ್ಲ. "ಟಿಕೇಟ್ ಸಿಕ್ಕಿರ್ಲಿಲ್ಲ."

"ಗೊತ್ತಿತ್ತ್. ಒಂದ್ಸಲ ಹೇಳ್ಕ್ ಅಂದ್ ಇದ್ದಿತ್ತ್, ಹೇಳ್ದೆ."

"ಹೂಂ," ಎಂದ ಅವನು. ಸೂಜಿ ಬಂತು.

ಇನ್ನೊಂದು ದಿನ ಅವನೇ ಹೇಳಿದ, ಖೋಲಿಯ ಹೋಟೆಲು ಕೆಲಸದವರೆಲ್ಲ ಹೊರಟುಹೋದ ಭಾನುವಾರಗಳಲ್ಲಿ ಒಬ್ಬನೇ ಕೂತು ಅಕ್ಕಿ ಆರಿಸುತ್ತಿದ್ದೆನೆಂದು. ಕಲ್ಲಿಲ್ಲದ ಅಕ್ಕಿಯನ್ನೂ ಆರಿಸುತ್ತಿದ್ದೆ ಎಂದ. ಚಂದ್ರಾವತಿ ಸೂಜಿಯನ್ನು ತಿರುಗಿ ಕಳಿಸಿದಳು. ಇವನಿಗೂ ಬೇಸರವಾಗುತ್ತಿತ್ತೆಂದು ಇಷ್ಟು ವರ್ಷ ಅವಳಿಗೆ ಯಾರೂ ಹೇಳಿರಲಿಲ್ಲ. ಹದಿನೆಂಟು ದಿನ ಹೀಗೆ ನಡೆಯಿತು. ಅವಳ ಸಂಸಾರದ ಸುಖದ ದಿನಗಳೆಂದರೆ ಅವೇ ಎಂದರೆ ತಪ್ಪಿಲ್ಲ.

ಹತ್ತೊಂಬತ್ತನೆಯ ದಿನ ಭಾನುವಾರ. ಶೆಟ್ಟರು ಕಾರಿನಲ್ಲಿ ಬಂದರು. ರೆಕ್ಕೆಗಳನ್ನು ಸವರಿ ನೋಡಿ ಖುಷಿಯಾಗಿ ಊಟಕ್ಕೆ ಕೂತರು.

"ಪಾಂಡು, ಮೊದ್ಲ್ ಸಲ ಹಾರುವಾಗ ಮುಂದಿನ್ ಸೀಟ್ ನಿಮ್ದೇ," ಎಂದರು. "ಪೈಲೆಟ್ ಹಿಂದೆ ಕೂಕಂತ. ಆಮೇಲೆ ನೀವ್ ಘಟ್ಟದ್ ಮೇಲೆ ಅಲ್ಲೇ ಇರ್ಕ್. ಹೀಂಗಿದ್ ಸಾಮಾನ್ ಬಿಟ್ಟ್ ಹಾಕುಕಾತಿಲ್ಲ, ದಿನಾ ಕಾಣುವವ್ರ್ ಬೇಕ್. ರೂಮ್ ರೆಡಿ ಮಾಡ್ಸಿದ್ದೆ."

ಬಡಿಸುತ್ತಿದ್ದ ಚಂದ್ರಾವತಿ, ಗಂಡ ಈಗ ಹೇಳುತ್ತಾನೆ, ಮನೆ ಬಿಟ್ಟು ಬರುವುದಿಲ್ಲವೆಂದು ಹೇಳಿಯೇ ಹೇಳುತ್ತಾನೆ ಎಂದು ಕಾದಳು.

"ಕಾಂಬ," ಎಂದ ಪಾಂಡು.

ಶೆಟ್ಟರಿಗೆ ಅದು ಏನೆಂದು ಕೇಳಿಸಿತೋ, ಇವನು ಹೊರಟಾಯಿತೆಂದು ಅವಳಿಗೆ ಮಾತ್ರ ಅರ್ಥವಾಯಿತು. ಆ ವಾರ ಅವನು ತನ್ನ ಹಳೆಯ ಟೂಲ್ ಪೆಟ್ಟಿಗೆಗೆ ಹೊಸ ಬೀಗ ತಂದ. ಕಂಬಳಿಯನ್ನು ಬಿಸಿಲಿಗೆ ಹಾಕಿಸಿದ.

"ಹೋತ್ರಿಯಾ?" ಎಂದು ಅವಳು ಒಂದು ಸಂಜೆ ನೇರವಾಗಿ ಕೇಳಿದಳು.

"ಒಂದ್ ಆರ್ ತಿಂಗ್ಳ್. ಅಲ್ಲಿವ್ರಿಗ್ ಕಲ್ಸಿಕೊಡುವ ತನಕ."

"ನಿಮ್ ಆರ್ ತಿಂಗ್ಳ್ ನಂಗೊತ್ತಿತ್ತ್."

ಅವನು ಕೈಕಾಲು ತೊಳೆಯಲು ಹೋದ.

ಶನಿವಾರ ಅವಳು ಮುಗಿದ ರೆಕ್ಕೆಗಳ ಧೂಳು ಒರೆಸುತ್ತಿದ್ದಳು. ಮೊದಲು ಹೊಲಿದಿದ್ದ ಎಡಬದಿಯ ಕೆಳಗಿನ ರೆಕ್ಕೆಯ ಮೇಲೆ ಒರೆಸುವ ಬಟ್ಟೆ ಎಳೆದಾಗ ಒಂದು ಗಂಟು ಬೆರಳಿನಡಿ ಜಾರಿತು. ಪಕ್ಕದ್ದನ್ನು ಒತ್ತಿದಳು, ಅದೂ ಜಾರಿತು. ಅವಳಿಗೆ ಕಾರಣ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತವರಿನಲ್ಲಿ ನೈಲಾನ್ ದಾರದ ಗಂಟನ್ನು ಎಂಜಲು ಮಾಡಿಯೇ ಎಳೆಯುವುದು, ಒದ್ದೆಯಾದರೆ ಅದು ಕಚ್ಚಿಕೊಂಡು ಕೂರುತ್ತದೆ. ಅಭ್ಯಾಸಬಲದಿಂದ ಇಲ್ಲಿಯೂ ಹಾಗೇ ಮಾಡಿದ್ದಳು. ದಾರಕ್ಕೆ ಪಾಂಡು ಹಚ್ಚಿದ್ದ ಮೇಣ ತುಟಿಗೆ ಜಿಡ್ಡಾಗುತ್ತದೆಂದು ಉಗುರಿನಿಂದ ಕೆರೆದು ತೆಗೆದೂ ಇದ್ದಳು. ಇದು ನೈಲಾನಲ್ಲ, ನಾರಿನ ದಾರ. ಒದ್ದೆಯಾದಾಗ ಬಿಗಿದು, ಒಣಗಿದಾಗ ಸಡಿಲ ಬಿಡುತ್ತದೆ. ಬಟ್ಟೆ ಅಡ್ಡ ಇದ್ದದ್ದರಿಂದ ಪಾಂಡುವಿಗೆ ಅವಳ ಬಾಯಿ ಕಂಡಿರಲಿಲ್ಲ.

ಹೇಳಬೇಕೆಂದು ಅವಳು ತಿರುಗಿದಳು. ಪಾಂಡು ಎಂಜಿನ್ನಿನ ಹತ್ತಿರ ಬಗ್ಗಿ ಕೂತಿದ್ದ. ಆಗ ಅವಳ ತಲೆಯಲ್ಲಿ ಇನ್ನೊಂದು ಲೆಕ್ಕ ಓಡಿತು. ತಪಾಸಣೆಗೆ ಬರುವ ಎಂಜಿನಿಯರು ಇದನ್ನು ಕಂಡರೆ ಒಪ್ಪುವುದಿಲ್ಲ. ಎಲ್ಲ ಬಿಚ್ಚಬೇಕು. ಅಷ್ಟರಲ್ಲಿ ಸೆಕೆಗಾಲ ಬಂದು ಗಾಳಿ ತೇವವಾಗುತ್ತದೆ, ಆಮೇಲೆ ಮಳೆ. ಈ ವರ್ಷ ವಿಮಾನ ಏಳುವುದಿಲ್ಲ, ವಿಮಾನ ಏಳದಿದ್ದರೆ ಇವನೂ ಏಳುವುದಿಲ್ಲ. ಅವಳು ಧೂಳಿನ ಬಟ್ಟೆಯನ್ನು ಕೊಡವಿ ಮನೆಗೆ ಬಂದಳು. ಭಾನುವಾರ ಸುಮ್ಮನಿದ್ದಳು. ಸೋಮವಾರ ಸಾರಿಗೆ ಉಪ್ಪು ಎರಡು ಸಲ ಹಾಕಿದಳು.

"ಅತ್ತೆ, ಹುಶಾರಿಲ್ಯಾ?" ಎಂದು ಕ್ಷಮಾ ಹಣೆ ಮುಟ್ಟಿ ನೋಡಿದಳು.

"ಎಂತಾ ಇಲ್ಲ."

ಮಂಗಳವಾರ ಕ್ಷಮಾಳಿಗೆ ರಜೆ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಇದ್ದರು.

"ನಾಳೆ ಹೊಲ್ಗೆ ಮೇಲೆ ಪಟ್ಟಿ ಅಂಟ್ಸುದ್," ಎಂದ ಪಾಂಡು ಅನ್ನ ಕಲಸುತ್ತ. "ಎಂಜಿನಿಯರ್ ಮೊದ್ಲೇ ಬಂದ್ ಕಾಂತೆ ಅಂದಿದ್ರ್, ಬಪ್ಪುಕಾತಿಲ್ಲ ಅಂದ್ ಫೋನ್ ಮಾಡ್ರ್. ಹೊಲ್ದದ್ ಪಾಂಡು ಅಂದ್ರೆ ಕಾಣ್ಕ್ ಅಂದೇನೂ ಇಲ್ಲ ಅಂದ್ರ್. ಪಟ್ಟಿ ಬಿದ್ಮೇಲೆ ಗಂಟ್ ಯಾರಿಗೂ ಕಾಂತಿಲ್ಲ."

ಚಂದ್ರಾವತಿ ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟಳು. ಅವಳ ಲೆಕ್ಕದಲ್ಲಿ ಇದು ಇರಲಿಲ್ಲ. ಮುಂದಿನ ಸೀಟಿನಲ್ಲಿ ಕೂರುವವನು ಎದುರಿಗೇ ಕೂತು ಉಣ್ಣುತ್ತಿದ್ದ.

"ಎಡಬದಿ ಕೆಳ್ಗಿನ್ ರೆಕ್ಕೆ ಬಿಚ್ಕ್," ಎಂದಳು.

"ಎಂತಕೆ?"

"ಗಂಟ್ ಸಡ್ಲ ಆಯಿತ್. ಉಳ್ದ ಮೂರೂ ಹಾಂಗೇ ಆಯಿರ್ಕ್. ನಾನ್ ದಾರ ಎಂಜ್ಲ ಮಾಡಿ ಎಳೀತಿದ್ದೆ, ಮೇಣ ತೆಗ್ದಿದ್ದೆ. ನೈಲಾನಿಗ್ ಹಾಂಗೇ ಮಾಡುದಲ್ದಾ. ನಂಗ್ ಗೊತ್ತಾಯ್ಲಿಲ್ಲ."

ಪಾಂಡು ಅನ್ನ ಕಲಸುವುದನ್ನು ನಿಲ್ಲಿಸಿದ. "ಎಂದ್ ಕಂಡದ್ದ್ ನೀನ್?"

"ಶನ್ವಾರ."

"ಅಮ್ಮ, ಬೇಕಂದೇ ಮಾಡ್ದ್ಯಾ?" ಎಂದ ಸುಶಾಂತ್.

"ಗಂಟ್ ಬೇಕಂದ್ ಮಾಡ್ದದ್ದಲ್ಲ. ಮೂರ್ ದಿನ ಬಾಯ್ ಮುಚ್ಕಂಡದ್ ಬೇಕಂದೇ."

"ನಾನ್ ಅದ್ರಗೆ ಕೂಕಂಬುದ್ ಗೊತ್ತಿದ್ದಿತ್ತಲ್ದಾ ನಿಂಗ್?" ಎಂದ ಪಾಂಡು. ಅವನ ಸ್ವರ ಏರಿರಲಿಲ್ಲ.

"ಗೊತ್ತಿದ್ದಿತ್ತ್. ಎಂಜಿನಿಯರ್ ಕಾಂತ್ರ್ ಅಂದ್ಕಂಡಿದ್ದೆ. ತಡ ಆಯ್ಲಿ ಅಂದ್ಕಂಡಿದ್ದೆ. ನೀವ್ ಹೋಪುದ್ ಬ್ಯಾಡ ಇದ್ದಿತ್ತ್ ನಂಗ್."

"ಮೂವತ್ತಾರ್ ವರ್ಷ ಇವ್ರ್ ಇಲ್ದೇ ಇದ್ದವ್ಳ್ ನೀನ್," ಎಂದ ಸುಶಾಂತ್ ಸಿಟ್ಟಿನಿಂದ. "ಈಗ ಎಂತ ಹೊಸ್ತ್?"

"ಆಗ ಪ್ರಾಯ ಇದ್ದಿತ್ತ್ ಮಗಾ. ಕಾಯುಕಾತಿತ್ತ್."

"ಅತ್ತೆ ಈಗಾರೂ ಹೇಳ್ರಲ್ದಾ ಮಾವ," ಎಂದು ಕ್ಷಮಾ ಮೆಲ್ಲಗೆ ಅಂದಳು.

ಪಾಂಡು ಅರ್ಧ ಉಂಡ ತಟ್ಟೆಗೇ ಕೈ ತೊಳೆದು ಎದ್ದುಹೋದ. ಆ ತಟ್ಟೆಯನ್ನು ಎತ್ತುವಾಗ ಚಂದ್ರಾವತಿಗೆ ಅಳು ಬಂತು, ಸೊಸೆಯ ಎದುರಿಗೇ ಅತ್ತಳು.

ನಾಲ್ಕೂ ರೆಕ್ಕೆ ಬಿಚ್ಚಿ ಮತ್ತೆ ಹೊಲಿದರು. ಬೇರೆ ಯಾರಿಗೂ ಗಂಟು ಬರುತ್ತಿರಲಿಲ್ಲ, ಹಾಗಾಗಿ ಅವಳೇ ಬೇಕಾಯಿತು. ಬೆಳಿಗ್ಗೆ ಆರಕ್ಕೆ ಕೂತರೆ ಹೊತ್ತು ಮುಳುಗುವವರೆಗೆ. ಈ ಸಲ ಆಚೆ ಬದಿಯಿಂದ ಬರುತ್ತಿದ್ದದ್ದು ಸೂಜಿ ಮತ್ತು ಎರಡೇ ಮಾತು, "ಎಳಿ" ಮತ್ತು, ಸಾಕಾದಾಗ, "ಅಕ್ಕ್". ಒಂದು ಸಾಲು ಮುಗಿದಾಗಲೆಲ್ಲ ಪಾಂಡು ಎದ್ದು ಅವಳ ಬದಿಗೆ ಬರುತ್ತಿದ್ದ. ಅವಳು ಜರುಗಿ ಕೂರುತ್ತಿದ್ದಳು. ಅವನು ಒಂದೊಂದೇ ಗಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಏನೂ ಹೇಳದೆ ತಿರುಗಿ ಹೋಗುತ್ತಿದ್ದ. ಅವಳಿಗೆ ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ತುಟಿ ಒಣಗಿದರೂ ನಾಲಿಗೆ ಹೊರಗೆ ಹಾಕಲು ಅವಳು ಹೆದರಿದಳು.

ಹತ್ತು ದಿನದಲ್ಲಿ ಮುಗಿಯಿತು. ಪಟ್ಟಿ ಅಂಟಿತು, ಹಳದಿ ಬಣ್ಣ ಬಿತ್ತು. ಆ ವರ್ಷ ಸೆಕೆಗಾಲ ತಡವಾಗಿ ಬಂತು, ಅವಳ ಪಾಲಿಗೆ ಅದೂ ಸಹಾಯ ಮಾಡಲಿಲ್ಲ. ಮಾರ್ಚಿನ ಕೊನೆಗೆ ರೆಕ್ಕೆಗಳನ್ನು ಹಾಸಿಗೆಯಲ್ಲಿ ಸುತ್ತಿ ಲಾರಿಗೇರಿಸಿದರು. ಸುಶಾಂತ್ ಬೋಟಿನ ಹಗ್ಗ ತಂದು ತಾನೇ ಕಟ್ಟಿದ. ಪಾಂಡು ಟೂಲ್ ಪೆಟ್ಟಿಗೆಯ ಜೊತೆ ಡ್ರೈವರಿನ ಪಕ್ಕ ಹತ್ತಿ ಕೂತ.

"ಮದ್ದ್ ಇಟ್ಕಂಡಿರಿಯಾ?" ಎಂದಳು ಚಂದ್ರಾವತಿ.

"ಇಟ್ಕಂಡಿದ್ದೆ."

"ಅಲ್ಲಿ ಚಳಿ."

"ಹೂಂ. ಬಾಗ್ಲ್ ಹಾಕಣಿ," ಎಂದ ಡ್ರೈವರಿಗೆ.

ಲಾರಿ ಈ ಸಲ ಮುಂದುಮುಂದಾಗಿಯೇ ಹೋಯಿತು. ಗೇಟು ಹಾಕುವಾಗ ಕ್ಷಮಾ ಕೇಳಿದಳು, "ನಾನೂ ಬತ್ತೆ ಅಂದ್ ಒಂದ್ ಮಾತ್ ಕೇಳುಕಾಯ್ಲಿಲ್ಯಾ ಅತ್ತೆ?"

"ಕೇಂಬುದೆಲ್ಲ ಎಂದೋ ಕೇಳಿ ಆಯಿತ್," ಎಂದಳು ಚಂದ್ರಾವತಿ.

ಏಪ್ರಿಲ್ ಎರಡನೆಯ ವಾರ ಸುಶಾಂತನ ಮೊಬೈಲಿಗೆ ವಿಡಿಯೋ ಬಂತು. ಹುಲ್ಲಿನ ಮೈದಾನದಲ್ಲಿ ಹಳದಿ ವಿಮಾನ ಕುಪ್ಪಳಿಸುತ್ತ ಓಡಿ, ಇನ್ನೇನು ಬೇಲಿಗೆ ಬಡಿಯಿತು ಎನ್ನುವಷ್ಟರಲ್ಲಿ ನೆಲ ಬಿಟ್ಟಿತು. ಕುಂದು ಹುಡುಕುತ್ತಿದ್ದ ಮಗನೇ ಅದನ್ನು ಬಂದರಿನಲ್ಲಿ ಕಂಡಕಂಡವರಿಗೆಲ್ಲ ತೋರಿಸಿ ಬಂದ. ಚಂದ್ರಾವತಿ ನಿಂತೇ ನೋಡಿದಳು. ಮುಂದಿನ ತಲೆ ಗಂಡನದೆಂದು ಗೊತ್ತಿದ್ದರೂ ಗುರುತು ಸಿಗಲಿಲ್ಲ, ಎರಡು ತಲೆಗೂ ಟೊಪ್ಪಿಯಿತ್ತು. ಇಳಿಯುವುದನ್ನು ಕಂಡ ಮೇಲೆಯೇ ಅವಳು ಕೂತದ್ದು.

ಸಂಜೆ ಅವಳು ಬಂಗುಡೆ ಕಾಯಿಸುತ್ತಿದ್ದಾಗ ಫೋನು ಬಂತು.

"ಕಂಡ್ಯಾ?" ಎಂದ ಪಾಂಡು.

"ಕಂಡೆ. ಹೆದ್ರಿಕೆ ಆಯ್ತಾ?"

"ಇಲ್ಲ. ಎಂಜಿನಿಯರ್ ರೆಕ್ಕೆ ಇಡೀ ಒತ್ತಿ ಕಂಡ್ರ್. ಎಲ್ಲೂ ಸಡ್ಲ ಇಲ್ಲ. ಇದ್ ಯಾರ್ ಹೊಲ್ದದ್ ಅಂದ್ ಕೇಳ್ರ್."

"ಎಂತ ಹೇಳ್ರಿ?"

"ನನ್ ಹೆಂಡ್ತಿ ಅಂದೆ."

ರೆಕ್ಕೆ ಬಿಚ್ಚಿದ ದಿನದಿಂದ ಅವಳ ಎದೆಯ ಮೇಲೆ ಕೂತಿದ್ದ ಭಾರ ಅರ್ಧ ಇಳಿಯಿತು. ಅವಳು ಏನಾದರೂ ಹೇಳುವ ಮೊದಲೇ ಅವನು ಮುಂದುವರಿಸಿದ, "ಶೆಟ್ರ್ ಇನ್ನೊಂದ್ ವಿಮಾನ ತಕಂಡಿರ್. ಇದೇ ನಮೂನಿದ್. ನೀನ್ ಬತ್ಯಾ ಇಲ್ಲಿಗೆ? ರೂಮ್ ಇತ್ತ್, ಗ್ಯಾಸ್ ಇತ್ತ್, ನೀರಿಗೂ ತೊಂದ್ರೆ ಇಲ್ಲ."

ಚಂದ್ರಾವತಿ ಒಲೆಯ ಉರಿ ಸಣ್ಣ ಮಾಡಿದಳು. ಈ ಒಂದು ಮಾತಿಗೆ ಅವಳು ಮದುವೆಯಾದ ವರ್ಷದಿಂದ ಕಾದಿದ್ದಳು. ಅದು ಹೀಗೆ ಮೀನು ಕಾಯಿಸುವ ಹೊತ್ತಿನಲ್ಲಿ ಬರುತ್ತದೆಂದು ಎಣಿಸಿರಲಿಲ್ಲ. 'ಬತ್ತೆ' ಎನ್ನಲು ಬಾಯಿ ತೆರೆದವಳು ಸ್ವಲ್ಪ ತಡೆದಳು.

"ನಾನ್ ಬರ್ಕ್ ಅಂದ್ ಕರುದಾ? ಹೊಲುಕೆ ಜನ ಬೇಕ್ ಅಂದ್ ಕರುದಾ?"

ಫೋನಿನ ಆಚೆ ದೂರದಲ್ಲಿ ಯಾರೋ ತಗಡು ಬಡಿಯುವುದು ಕೇಳಿಸಿತು. ಅವಳು ಕಾದಳು. ಸುಳ್ಳು ಹೇಳಿದ್ದರೂ ಅವಳು ಆ ಕ್ಷಣ ಬಟ್ಟೆಬರೆ ಕಟ್ಟಿಕೊಂಡು ಹೊರಡುತ್ತಿದ್ದಳು. ಆದರೆ ಪಾಂಡುವಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಇಲ್ಲಿವ್ರ್ ಕೈಯಗೆ ಆ ಗಂಟ್ ಬತ್ತಿಲ್ಲ ಹೆಣೆ," ಎಂದ.

"ಹಾಂಗಾರೆ ಒಬ್ರನ್ನ ಇಲ್ಲಿಗ್ ಕಳ್ಸಿ," ಎಂದಳು ಚಂದ್ರಾವತಿ. "ನಾಲ್ಕ್ ದಿನದಗೆ ಹೇಳ್ಕೊಡ್ತೆ. ಊಟ ಇಲ್ಲೇ ಮಾಡ್ಲಿ."

ಅವನು ಏನೋ ಹೇಳಲು ಶುರುಮಾಡಿದ. ಬಾಣಲೆಯಲ್ಲಿ ಮೀನು ತಳ ಹಿಡಿಯುತ್ತಿತ್ತು. ಅವಳು ಫೋನಿಟ್ಟಳು. ಇಷ್ಟು ವರ್ಷಗಳಲ್ಲಿ ಅವಳೇ ಮೊದಲು ಫೋನಿಟ್ಟದ್ದು ಅದೊಂದೇ ಸಲ.